ಕಾಲುಮಣೆ ಮಾಡಿದವರು

ಅಬಲೂರು
18 ಅಕ್ಟೋಬರ್ 2025, ಶನಿವಾರ

ರಘುವೀರ ಸರ್ ಅವರಿಗೆ, ನಿಮ್ಮ ಹಳೆಯ ವಿದ್ಯಾರ್ಥಿ ಲೋಹಿತನ ಅಕ್ಕ ಸಮತಾಳ ನಮಸ್ಕಾರ.

ಈ ಕಾಗದ ಬರೆಯುವುದೋ ಬೇಡವೋ ಎಂದು ಐದು ದಿನ ಒದ್ದಾಡಿದೆ. ಇವತ್ತು ಗ್ರಂಥಾಲಯದಲ್ಲಿ ಓದುಗರು ಯಾರೂ ಇಲ್ಲ, ಹಬ್ಬದ ಸಡಗರದಲ್ಲಿದ್ದಾರೆ. ಇನ್ನು ನೆಪ ಉಳಿದಿಲ್ಲ ಎಂದು ಕೂತಿದ್ದೇನೆ. ನಾನೊಂದು ಅಧಿಕಪ್ರಸಂಗ ಮಾಡಿಕೊಂಡಿದ್ದೇನೆ ಸರ್.

ಲೋಹಿತನ ಆಟದ ಕಂಪ್ಯೂಟರಿನ ಮೂಲೆಯಲ್ಲಿ ತಿಂಗಳಿಂದ ಒಂದು ಸೂಚನೆ ಬರುತ್ತಿತ್ತು. ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ಅಕ್ಟೋಬರ್ ಹದಿನಾಲ್ಕರ ನಂತರ ರಕ್ಷಣೆ ಇಲ್ಲ, ಹೊಸದು ಪುಕ್ಕಟೆ, ಬನ್ನಿ ಎಂದು. ಅವನು ದಿನಾ ಅದನ್ನು ಮುಚ್ಚಿ ಹಾಕುತ್ತಿದ್ದ. ‘ಇದ್ದದ್ದು ಛಲೋ ಐತಕ್ಕ, ಅದರ ತಂಟೇಕ ಹೋಗಬ್ಯಾಡ’ ಎಂದು ನನಗೂ ಹೇಳಿದ್ದ. ನಾನು ಕೇಳಬೇಕಲ್ಲ! ಇಲ್ಲಿ ಗ್ರಂಥಾಲಯದ ಎರಡು ಕಂಪ್ಯೂಟರಿಗೆ ನಾನೇ ಹೊಸದನ್ನು ಹಾಕಿದ್ದೆ, ಎರಡೂ ಚೆನ್ನಾಗಿ ನಡೆದಿವೆ. ಆ ಹುರುಪು ತಲೆಗೇರಿತ್ತು. ನಮಗೆ ಸೋಮವಾರ ರಜೆ. ಹದಿಮೂರನೇ ತಾರೀಖು ಅಕ್ಕಿಆಲೂರಿನ ನಮ್ಮ ಮನೆಗೆ ಹೋದಾಗ ಅವನು ಅವ್ವನ ಕಣ್ಣು ತೋರಿಸಲು ಹಾನಗಲ್ಲಿಗೆ ಹೋಗಿದ್ದ. ಅವರು ತಿರುಗಿ ಬರುವಷ್ಟರಲ್ಲಿ ಮುಗಿಸಿ ತಮ್ಮನಿಗೆ ಖುಷಿ ಕೊಡೋಣ ಎಂದು ‘ಒಪ್ಪಿಗೆ’ ಒತ್ತಿಬಿಟ್ಟೆ.

ಮೂರು ತಾಸು ತಿರುಗಿ ಹೊಸ ಪರದೆ ಬಂತು. ಚೆಂದವೇ ಇತ್ತು. ಆದರೆ ಕಾಲಿನಿಂದ ಆಟ ಆಡಲು ನೀವು ಮಾಡಿಕೊಟ್ಟ ಕಾಲುಮಣೆ ಸತ್ತುಹೋಯಿತು. ಲೋಹಿತ ಬಂದು ಕೂತು ಬಲಗಾಲು ಒತ್ತಿದ, ಎಡಗಾಲು ಒತ್ತಿದ. ಆಟದ ಲಾರಿ ಅಲ್ಲಾಡಲಿಲ್ಲ. ಪರದೆಯ ಮೇಲೆ ಒಂದೇ ಸಾಲು: ಈ ಸಾಧನದ ಪ್ರೋಗ್ರಾಮ್ ತಯಾರಿಸಿದವರು ಯಾರೆಂದು ಗೊತ್ತಿಲ್ಲ, ಸುರಕ್ಷತೆಗಾಗಿ ತಡೆಯಲಾಗಿದೆ.

ಅವನು ನನಗೆ ಒಂದು ಮಾತೂ ಅನ್ನಲಿಲ್ಲ ಸರ್. ಅಂದಿದ್ದರೆ ಒಳ್ಳೆಯದಿತ್ತು.

ನಿಮಗೆ ಗೊತ್ತಿದೆ, ಮಿಲ್ಲಿನ ಬೆಲ್ಟು ಅವನ ಬಲಗೈಯ ನಾಲ್ಕು ಬೆರಳು ತೆಗೆದುಕೊಂಡ ಮೇಲೆ ಅವನು ಕಾಲೇಜು ಬಿಟ್ಟ, ಗೆಳೆಯರನ್ನು ಬಿಟ್ಟ. ಹೊಲಿಗೆ ಮಿಶಿನ್ನಿನ ತುಳಿಮಣೆಗೆ ಆರು ಗುಂಡಿ ಕೂರಿಸಿ ನೀವು ತಂದುಕೊಟ್ಟ ದಿನದಿಂದ ಅವನು ಮತ್ತೆ ಮನುಷ್ಯನಾದ. ಎಡಗೈಯಲ್ಲಿ ಸ್ಟೀರಿಂಗು, ಗೇರು ಹಾರ್ನು ಬ್ರೇಕು ಎಲ್ಲ ಕಾಲಲ್ಲಿ. ದಿನಾ ಸಂಜೆ ಇಪ್ಪತ್ತು ಊರಿನ ಇಪ್ಪತ್ತು ಜನ ಆ ಆಟದಲ್ಲಿ ಲಾರಿ ಸಾಲುಗಟ್ಟಿ ಹೊರಡುತ್ತಾರೆ, ಎಲ್ಲಕ್ಕಿಂತ ಮುಂದಿನ ಲಾರಿ ನಮ್ಮ ಲೋಹಿತನದು. ‘ಆಟದಾಗ ನನ್ನ ಕೈ ಯಾರಿಗೂ ಕಾಣಂಗಿಲ್ಲಕ್ಕ’ ಎಂದು ಒಮ್ಮೆ ಅಂದಿದ್ದ. ಅದನ್ನೇ ನಾನು ಒಂದು ಗುಂಡಿ ಒತ್ತಿ ಕಳೆದಿದ್ದೇನೆ.

ನಿಮಗೆ ಕಿವಿ ಕೇಳಿಸುವುದಿಲ್ಲವೆಂದು ಕೃಷ್ಣಾಬಾಯಿ ಅಮ್ಮನವರಿಗೆ ಫೋನ್ ಮಾಡಿದ್ದೆ. ‘ಕಂಪ್ಯೂಟರ್ ಮಾತು ನನಗೇನ್ ತಿಳೀತದವಾ, ಕಾಗದ ಬರಿ, ಅವರು ಓದ್ತಾರ’ ಅಂದರು. ಏನು ಮಾಡಲಿ, ತಿಳಿಸಿ.

ತಪ್ಪು ಮಾಡಿದ
ಸಮತಾ

*

ಶಿಗ್ಗಾಂವ
24 ಅಕ್ಟೋಬರ್ 2025

ಸಮತಾ,

ಹಬ್ಬದ ರಜೆಯಿಂದಾಗಿ ನಿನ್ನ ಕಾಗದ ನಿನ್ನೆ ಸಂಜೆ ಕೈಸೇರಿತು. ಓದಿ ನಕ್ಕೆ. ಇಷ್ಟಕ್ಕೆಲ್ಲ ತಪ್ಪು, ಪಾಪ ಎಂದು ಬರೆಯುವ ಅಗತ್ಯವಿಲ್ಲ. ಹೊಸ ಸಿಸ್ಟಮ್ ಹೊಸ ಸೊಸೆಯ ಹಾಗೆ, ಮನೆಯ ಹಳೆಯ ಪಾತ್ರೆಗಳೆಲ್ಲ ಅದಕ್ಕೆ ಹೊಲಸಾಗಿ ಕಾಣುತ್ತವೆ.

ಈಗ ಗಮನವಿಟ್ಟು ಓದು. ಹೊಸದನ್ನು ಹಾಕಿದ ಹತ್ತು ದಿನದೊಳಗೆ ಹಳೆಯದಕ್ಕೆ ಮರಳುವ ಸೌಲಭ್ಯ ಅದರಲ್ಲೇ ಇರುತ್ತದೆ. ಲೆಕ್ಕದ ಪ್ರಕಾರ ಅದು ನಿನ್ನೆಗೆ ಮುಗಿದಿದೆ. ಆದರೂ ಹೆದರಬೇಡ. ಹಳೆಯ ಕಡತಗಳು ಡಿಸ್ಕಿನಲ್ಲಿ ಎಲ್ಲೋ ಒಂದು ಕಡೆ ಉಳಿದಿರುವ ಸಾಧ್ಯತೆ ಇದೆ, ತಿಳಿದವರು ತೆಗೆಯಬಲ್ಲರು. ಯಾವ ಅಂಗಡಿಯವನಿಗೂ ಡಿಸ್ಕ್ ಒರೆಸಲು ಬಿಡಬೇಡ. ಮತ್ತೆ ಹೇಳುತ್ತೇನೆ, ಒರೆಸಲು ಬಿಡಬೇಡ.

ಲೋಹಿತನಿಗೆ ಧೈರ್ಯ ಹೇಳು. ಕಾಲುಮಣೆ ನಾನು ಕೈಯಾರೆ ಮಾಡಿದ್ದು. ಅದರ ಒಂದೊಂದು ತಂತಿ ನನಗೆ ಗೊತ್ತು. ತೀರ ಬೇಕಾದರೆ ಪ್ರೋಗ್ರಾಮನ್ನು ಮತ್ತೊಮ್ಮೆ ಬರೆದರಾಯಿತು, ಅದೇನು ಬ್ರಹ್ಮವಿದ್ಯೆಯಲ್ಲ.

ಕೃಷ್ಣಾಬಾಯಿ ನಿನ್ನ ಅವ್ವನ ಕಣ್ಣಿನ ಬಗ್ಗೆ ವಿಚಾರಿಸುತ್ತಾಳೆ.

ರಘುವೀರ

*

ಅಕ್ಕಿಆಲೂರು
30 ಅಕ್ಟೋಬರ್ 2025

ಸರ್,

ನಿಮ್ಮ ಕಾಗದ ನಿನ್ನೆ, ಇಪ್ಪತ್ತೊಂಬತ್ತಕ್ಕೆ ಬಂತು. ಸೋಮವಾರ, ಇಪ್ಪತ್ತೇಳಕ್ಕೆ, ನಾನು ಕಂಪ್ಯೂಟರನ್ನು ಹಾನಗಲ್ಲಿನ ಒಂದು ಅಂಗಡಿಗೆ ಒಯ್ದಿದ್ದೆ. ‘ಹಳೇದನ್ನ ಹೊಳ್ಳಿ ಹಾಕಿಕೊಡ್ತೇನ್ರಿ ಮೇಡಂ, ಒಂದ್ ತಾಸಿನ ಕೆಲಸ’ ಅಂದ. ಹಾಕಿಯೂ ಕೊಟ್ಟ. ಹಳೆಯ ಸಿಸ್ಟಮ್ ಬಂದಿದೆ. ಆದರೆ ಅದನ್ನು ಹಾಕುವ ಮೊದಲು ಡಿಸ್ಕನ್ನು ಪೂರ್ತಿ ಒರೆಸಿದ್ದಾನೆ. ನಿಮ್ಮ ಪ್ರೋಗ್ರಾಮ್ ಇಲ್ಲ, ಅವನ ಆಟದ ಆರು ವರ್ಷದ ದಾರಿಗಳಿಲ್ಲ, ಏನೂ ಇಲ್ಲ. ನೀವು ಕೊಟ್ಟಿದ್ದ ಪೆನ್‌ಡ್ರೈವಿನಲ್ಲಿ ಈಗ ಅವ್ವನ ಭಜನೆಗಳಿವೆ.

ನಿಮ್ಮ ಕಾಗದ ತಡವಾಯಿತು ಎಂದು ಅನ್ನಲಾರೆ. ಐದು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತವಳು ನಾನು. ಹದಿಮೂರಕ್ಕೇ ಬರೆದಿದ್ದರೆ ಹಬ್ಬದ ಮೊದಲೇ ನಿಮಗೆ ಮುಟ್ಟುತ್ತಿತ್ತು.

ಈಗ ಹಳೆಯ ಪ್ರತಿ ಹಾಕುವುದು, ಇಲ್ಲವೇ ನೀವು ಹೇಳಿದ ಹಾಗೆ ಮತ್ತೊಮ್ಮೆ ಬರೆಯುವುದು, ಇಷ್ಟೇ ದಾರಿ. ನಿಮ್ಮ ಹತ್ತಿರ ಪ್ರತಿ ಇದ್ದೇ ಇರುತ್ತದೆ ಎಂದು ಲೋಹಿತನಿಗೆ ಹೇಳಿದ್ದೇನೆ. ಪೆನ್‌ಡ್ರೈವಿಗೆ ಹಾಕಿಟ್ಟರೆ ನಾನೇ ಶಿಗ್ಗಾಂವಕ್ಕೆ ಬಂದು ಒಯ್ಯುತ್ತೇನೆ.

ಸ್ವಲ್ಪ ಬೇಗ ಆದರೆ ಒಳ್ಳೆಯದು ಸರ್. ಅವನು ಕಂಪ್ಯೂಟರಿನ ಮೇಲೆ ಅವ್ವನ ಹಳೆಯ ಸೀರೆ ಹೊದಿಸಿಬಿಟ್ಟಿದ್ದಾನೆ. ಲಾರಿ ಸಾಲಿನ ಗೆಳೆಯರು ‘ಲೀಡರ್ ಎಲ್ಲಿ’ ಎಂದು ಎರಡು ದಿನ ಕೇಳಿದರಂತೆ, ಮೂರನೇ ದಿನ ಬೇರೆ ಯಾರೋ ಮುಂದಿನ ಲಾರಿ ಹಿಡಿದರಂತೆ. ಅದನ್ನು ನಗುತ್ತಲೇ ಹೇಳಿದ. ಆದರೆ ಬಿಟ್ಟಿದ್ದ ತುಂಬುತೋಳಿನ ಅಂಗಿ ಮತ್ತೆ ಹಾಕಿಕೊಳ್ಳುತ್ತಿದ್ದಾನೆ. ಈ ಬಿಸಿಲಲ್ಲಿ, ಮಣಿಕಟ್ಟು ದಾಟಿ ಬೆರಳಿಲ್ಲದ ಕೈ ಮುಚ್ಚುವ ಅಂಗಿ. ಅವ್ವ ಅದನ್ನು ನೋಡಿ ಒಲೆಯ ಮುಂದೆ ಕೂತು ಅತ್ತಳು.

ಇವನ್ನೆಲ್ಲ ತಾನೇ ಬರೆಯಲು ಕಲಿಯಬೇಕೆಂದು ಅವನಿಗೆ ಒಂದು ಕಾಲಕ್ಕೆ ಬಹಳ ಆಸೆ ಇತ್ತು. ಯಾಕೋ ಬಿಟ್ಟುಬಿಟ್ಟ. ಕಲಿತಿದ್ದರೆ ಇವತ್ತು ನಿಮಗೆ ತೊಂದರೆ ಕೊಡುತ್ತಿರಲಿಲ್ಲ.

ಸಮತಾ

*

ಶಿಗ್ಗಾಂವ
12 ನವೆಂಬರ್ 2025

ಸಮತಾ,

ಉತ್ತರ ತಡವಾಯಿತು. ನೆಗಡಿ, ಕೆಮ್ಮು. ವಯಸ್ಸಿಗೆ ತಕ್ಕ ಉಪದ್ವ್ಯಾಪಗಳು.

ಪ್ರೋಗ್ರಾಮಿನ ಪ್ರತಿಗಾಗಿ ಹುಡುಕಿದೆ. ಸಿಗಲಿಲ್ಲ. ಆಗಿನ ಲ್ಯಾಪ್‌ಟಾಪ್ ಕೆಟ್ಟು ಗುಜರಿಗೆ ಹೋಗಿದೆ. ಹೊಸದಾಗಿ ಬರೆಯುವುದೆಂದರೆ ಬರೆಯಬಹುದು, ಆದರೆ ಕಣ್ಣು ಮೊದಲಿನ ಹಾಗಿಲ್ಲ, ಪರದೆಯ ಮುಂದೆ ಹತ್ತು ನಿಮಿಷ ಕೂತರೆ ನೀರು ಸುರಿಯುತ್ತದೆ.

ಟೈಪು ಮಾಡಲು ಆಗ ನೆರವಾದ ಒಬ್ಬರು ಸವಣೂರಿನಲ್ಲಿದ್ದಾರೆ. ಪ್ರತಿ ಅವರಲ್ಲಿ ಇದ್ದರೂ ಇರಬಹುದು. ಅವರಿಗೆ ಕಾಗದ ಬರೆದಿದ್ದೇನೆ. ಉತ್ತರ ಬರಲಿ.

ಅಷ್ಟರಲ್ಲಿ ಒಂದು ಕೆಲಸ ಮಾಡು. ಮಣೆಯ ತಳದಲ್ಲಿ ನಾಲ್ಕು ಸ್ಕ್ರೂ ಇವೆ. ಬಿಚ್ಚಿ ಒಳಗಿನ ಚಿಪ್ಪಿನ ಮೇಲಿರುವ ಸಂಖ್ಯೆಯನ್ನು ನೋಡಿ ಬರೆ. ಅದಿಲ್ಲದೆ ಮುಂದುವರಿಯುವುದು ಕಷ್ಟ.

ಲೋಹಿತನಿಗೆ ತಾಳ್ಮೆ ಇರಲಿ.

ರಘುವೀರ

*

ಅಕ್ಕಿಆಲೂರು
24 ನವೆಂಬರ್ 2025, ಸೋಮವಾರ

ಸರ್,

ನಿಮ್ಮ ಕೆಮ್ಮು ಕಡಿಮೆಯಾಯಿತೆ? ಮಣೆ ಬಿಚ್ಚಿದೆ. ಲೋಹಿತ ಅವ್ವನ ಜೊತೆ ಸಂತೆಗೆ ಹೋಗಿದ್ದಾಗ ಬಿಚ್ಚಿದೆ, ಯಾಕೆಂದರೆ ಈ ಮನೆಯಲ್ಲಿ ನನ್ನ ಕೈಗೆ ಯಾರೂ ಈಗ ಸ್ಕ್ರೂಡ್ರೈವರ್ ಕೊಡುವುದಿಲ್ಲ.

ಚಿಪ್ಪಿನ ಸಂಖ್ಯೆಯನ್ನು ಬೇರೆ ಚೀಟಿಯಲ್ಲಿ ಬರೆದು ಒಳಗಿಟ್ಟಿದ್ದೇನೆ. ಅದರ ಪಕ್ಕದಲ್ಲಿ, ಕಟ್ಟಿಗೆಯ ಮೇಲೆ, ಪೆನ್ಸಿಲಿನಲ್ಲಿ ಒಂದು ಬರಹ ಇದೆ. ನಿಮ್ಮ ಅಕ್ಷರವಲ್ಲ, ನಿಮ್ಮದು ನನಗೆ ಈಗ ಚೆನ್ನಾಗಿ ಗೊತ್ತು. ‘ಲೋಹಿತ, ಮೊದಲ ದಿನ ಸಾವಕಾಶ ಹೊಡಿ. ವೇದಾ ರ., ಫೆಬ್ರುವರಿ 2019.’

ಟೈಪು ಮಾಡಲು ನೆರವಾದವರು ಇವರೇನು ಸರ್? ‘ರ’ ಅಂದರೆ ರಘುವೀರ ಇರಬಹುದೇ ಎಂದು ತಲೆಯಲ್ಲಿ ಬಂತು. ಅಧಿಕಪ್ರಸಂಗ ನನ್ನ ರೋಗ, ಕ್ಷಮಿಸಿ. ಲೋಹಿತನಿಗೆ ತೋರಿಸಲಿಲ್ಲ, ಮತ್ತೆ ಸ್ಕ್ರೂ ಬಿಗಿದು ಇಟ್ಟೆ.

ಸವಣೂರಿನಿಂದ ಉತ್ತರ ಬಂದಿದ್ದರೆ ದಯವಿಟ್ಟು ತಿಳಿಸಿ. ಬಾರದಿದ್ದರೆ ವಿಳಾಸ ಕೊಡಿ, ನಾನೇ ಹೋಗುತ್ತೇನೆ. ಹೋದ ವಾರ ಅವನು ಕಂಪ್ಯೂಟರ್ ಮಾರುವ ಮಾತಾಡಿದ. ಅವ್ವ ‘ಇರಲಿ ಬಿಡೋ, ನಿನಗ ಅದೊಂದ ಐತಿ’ ಅಂದಾಗ ‘ಅದೂ ಇಲ್ಲಲ್ಲವ್ವ ಈಗ’ ಅಂದ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಸಮತಾ

*

ಶಿಗ್ಗಾಂವ
6 ಡಿಸೆಂಬರ್ 2025

ಸಮತಾ,

ಹೌದು, ವೇದಾ ನನ್ನ ಮಗಳು. ಟೈಪಿಂಗಿನಲ್ಲಿ ನೆರವಾಗಿದ್ದಳು. ಅದೇ ವರ್ಷದ ಕೊನೆಗೆ ಸವಣೂರಿನ ಇರ್ಫಾನ ಎಂಬವರನ್ನು ತಾನೇ ಮೆಚ್ಚಿ ಮದುವೆಯಾದಳು. ಅಂದಿನಿಂದ ನಮಗೆ ಮಾತಿಲ್ಲ. ಈ ವಿಷಯ ಇಷ್ಟಕ್ಕೆ ಸಾಕು.

ಅವಳಿಗೆ ಎರಡು ಕಾಗದ ಬರೆದೆ. ಒಂದಕ್ಕೂ ಉತ್ತರವಿಲ್ಲ. ನನ್ನ ಮೇಲಿನ ಸಿಟ್ಟನ್ನು ಅವಳು ಪಾಪ ಆ ಹುಡುಗನ ಮೇಲೆ ತೀರಿಸುತ್ತಿದ್ದರೆ ನಾನೇನು ಮಾಡಲಿ? ನೀನು ಅಲ್ಲಿಗೆ ಹೋಗುವುದು ಬೇಡ. ಅವಮಾನವಾದೀತು.

ಹೊಸದಾಗಿ ಬರೆಯುವವರು ಬೇರೆ ಯಾರಾದರೂ ಸಿಕ್ಕಾರೆಯೇ ಎಂದು ಕಾಲೇಜಿನಲ್ಲಿ ವಿಚಾರಿಸುತ್ತೇನೆ.

ರಘುವೀರ

*

ಅಬಲೂರು
30 ಡಿಸೆಂಬರ್ 2025

ರಘುವೀರ ಸರ್,

ಈ ಕಾಗದವನ್ನು ನೀವು ಒಬ್ಬರೇ ಕೂತು ಓದಿದರೆ ಒಳ್ಳೆಯದು.

ನಿಮ್ಮ ಮಾತು ನಾನು ಕೇಳಲಿಲ್ಲ. ಅಮ್ಮನವರಿಗೆ ಫೋನ್ ಮಾಡಿ ಸವಣೂರಿನ ವಿಳಾಸ ಕೇಳಿದೆ. ಹುಡುಕಲಿಲ್ಲ, ತಡವರಿಸಲಿಲ್ಲ, ಮನೆ ನಂಬರಿನ ಸಮೇತ ಗಡಗಡ ಹೇಳಿದರು. ಅವತ್ತೇ ವೇದಾ ಅವರಿಗೆ ಕಾಗದ ಹಾಕಿದೆ. ಕೆಟ್ಟ ಕಾಗದ ಅದು. ‘ನಿಮ್ಮ ತಂದೆ ಎರಡು ಸಲ ಕೇಳಿಕೊಂಡರೂ ನಿಮ್ಮ ಮನಸ್ಸು ಕರಗಲಿಲ್ಲ, ಅಪ್ಪ ಮಗಳ ಜಗಳಕ್ಕೆ ನನ್ನ ತಮ್ಮನೇ ಬೇಕಿತ್ತೇ, ಅವನ ಬಲಗೈಯಲ್ಲಿ ಇರುವುದೇ ಒಂದು ಹೆಬ್ಬೆರಳು’ ಎಂದು ಬಾಯಿಗೆ ಬಂದದ್ದೆಲ್ಲ ಬರೆದೆ.

ಇಪ್ಪತ್ತೆರಡನೇ ತಾರೀಖು ಸೋಮವಾರ ಮುಂಜಾನೆ, ಲೋಹಿತ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದಾಗ, ಒಬ್ಬ ಹೆಣ್ಣುಮಗಳು ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತರು. ಕೈಯಲ್ಲಿ ನನ್ನ ಕಾಗದ.

‘ಸಮತಾ ಅಂದ್ರ ನೀವೇ ಏನ್ರಿ? ನನಗ ಬೈದದ್ದು ಇರಲಿ. ಎರಡು ಕಾಗದ ಅಂತ ಬರದೀರಿ. ಯಾವ ಎರಡು?’

‘ನಿಮ್ಮ ತಂದೆಯವರು ಬರದದ್ದು.’

ಅವರು ಹೆಗಲಿನ ಚೀಲ ಕೆಳಗಿಟ್ಟರು. ‘ಆರು ವರ್ಷದಾಗ ಅಪ್ಪನ ಕಡಿಂದ ಒಂದು ಸಾಲು ಬಂದಿಲ್ಲರೀ. ಬಂದಿದ್ರ ನಾನು ಅವತ್ತೇ ಓಡಿ ಬರ್ತಿದ್ದೆ’ ಅಂದರು.

ಹಾನಗಲ್ಲಿನ ಅಂಗಡಿಯಲ್ಲಿ ಡಿಸ್ಕ್ ಹೋದಾಗ ಕೂಡ ನನಗೆ ಹಾಗೆ ಆಗಿರಲಿಲ್ಲ ಸರ್. ನಾವು ತಿಂಗಳಿಗೂ ಮೇಲೆ ಯಾವುದಕ್ಕೆ ಕಾಯುತ್ತಿದ್ದೆವು? ನೀವು ಹಾಕದ ಕಾಗದಕ್ಕೆ ಉತ್ತರ ಬರಲಿ ಎಂದು.

ಅವರು ನೆಲದ ಮೇಲೆ ಚಾಪೆ ಹಾಸಿಕೊಂಡು ಮಣೆ ಬಿಚ್ಚಿ ಕೂತರು. ಪ್ರತಿ ಅವರಲ್ಲಿ ಇತ್ತು. ಆದರೆ ಅದನ್ನೇ ಹಾಕಿದರೆ ಮುಂದೆ ಹೊಸ ಸಿಸ್ಟಮ್ ಬಂದ ದಿನ ಮತ್ತೆ ಇದೇ ಗೋಳು ಎಂದು ಚಿಪ್ಪಿನ ಒಳಗಿನದನ್ನೇ ತಿದ್ದಿದರು. ಈಗ ಮಣೆಯನ್ನು ಸಿಕ್ಕಿಸಿದರೆ ಕಂಪ್ಯೂಟರು ಅದನ್ನು ಸಾದಾ ಕೀಬೋರ್ಡು ಎಂದು ತಿಳಿಯುತ್ತದಂತೆ, ಹಳೆಯದಾಗಲಿ ಹೊಸದಾಗಲಿ ತಕರಾರು ಮಾಡುವುದಿಲ್ಲವಂತೆ. ನಾಲ್ಕು ತಾಸು ತಲೆ ಎತ್ತಲಿಲ್ಲ. ಅವ್ವ ಇಟ್ಟ ಚಹಾ ಆರಿಹೋಯಿತು.

ಲೋಹಿತ ಮೊದಲು ದೂರ ನಿಂತಿದ್ದ, ಆಮೇಲೆ ಪಕ್ಕಕ್ಕೆ ಬಂದು ಕೂತ. ‘ಯಾರ್ರಿ ನೀವು?’ ಅಂದ. ‘ರಘುವೀರ ಸರ್ ಕಳಸ್ಯಾರ’ ಅಂದರು ಅವರು, ತಲೆ ಎತ್ತದೆ. ಅವನ ಮುಖ ಅರಳಿತು. ‘ಸರ್ ಮರ್ತಿಲ್ಲ ನೋಡಕ್ಕ’ ಅಂದ ನನಗೆ. ನಾನು ಗೋಡೆ ಕಡೆ ನೋಡಿದೆ. ಅಲ್ಲಿ ಈ ಮಣೆಗಾಗಿ ನಿಮಗೆ ಕಾಲೇಜಿನಲ್ಲಿ ಶಾಲು ಹೊದಿಸಿದ ಫೋಟೋ ಇರುವ ಪೇಪರಿನ ತುಣುಕು ಇದೆ, ಪಕ್ಕದಲ್ಲಿ ಕೈ ಮೇಲೆತ್ತಿ ತೋರಿಸುತ್ತ ನಿಂತ ಲೋಹಿತ.

ಮಣೆ ಎದ್ದಿತು. ಅಷ್ಟರಲ್ಲಿ ಮತ್ತೆ ಇಳಿಸಿಕೊಂಡ ಆಟದಲ್ಲಿ ಅವನು ಲಾರಿ ಹೊರಡಿಸಿದ. ಗೇರು ಬದಲಿಸಿದ ಸದ್ದು ಕೇಳಿ ಅವ್ವ ಒಳಗಿಂದ ಓಡಿ ಬಂದಳು. ಒಂದು ಊರು ದಾಟಿಸಿ ನಿಲ್ಲಿಸಿ, ಅವನು ವೇದಾ ಅವರನ್ನು ಕೇಳಿದ, ‘ಇದನ್ನ ಬರಿಯಾಕ ಕಲೀಬೇಕಂದ್ರ ಎಷ್ಟು ಬೆರಳು ಬೇಕ್ರಿ?’

‘ಒಂದು ಸಾಕು. ಸಾವಕಾಶ ಆಗ್ತದ, ಅಷ್ಟೇ.’

‘ನಾನು ಸರ್‌ಗೆ ಮೂರು ಸಲ ಕೇಳಿದ್ನಿರಿ. ನನಗದು ಬ್ಯಾಡ ಅಂದ್ರು.’

ಅವರು ಸ್ಕ್ರೂ ಬಿಗಿಯುತ್ತಿದ್ದವರು ನಿಲ್ಲಿಸಿದರು. ಬಸ್ ಸ್ಟ್ಯಾಂಡಿಗೆ ಹೋಗುವಾಗ ನನಗೆ ಹೇಳಿದರು: ‘ಅಪ್ಪ ಸರ್ಕೀಟಿನ ಮನಷ್ಯಾರಿ. ಗುಂಡಿ, ಸ್ಪ್ರಿಂಗು, ತಂತಿ ಎಲ್ಲ ಅವರದು. ಅದರಾಗ ಅವರಂಥವರಿಲ್ಲ. ಆದರ ಪ್ರೋಗ್ರಾಮಿನ ಒಂದು ಸಾಲೂ ಅವರಿಗೆ ಬರ್ತಿದ್ದಿಲ್ಲ, ಎಲ್ಲಾ ನಾನೇ ಬರದದ್ದು. ಬರಲಾರದ್ದನ್ನ ಏನ್ ಕಲಸ್ತಾರ? ಲೋಹಿತಗ ಇದೆಲ್ಲ ಹೇಳಬ್ಯಾಡ್ರಿ.’ ಅಪ್ಪನ ಮರ್ಯಾದೆ ಕಾಯುತ್ತಿದ್ದಾರೆ ಎಂದುಕೊಂಡೆ. ಆ ಹೆಣ್ಣುಮಗಳಿಗೆ ನಾನು ಕಲ್ಲು ಮನಸ್ಸು ಎಂದು ಬರೆದಿದ್ದೆ.

ತಿರುಗಿ ಬಂದು ಲೋಹಿತನನ್ನು ಕೇಳಿದೆ. ಆರು ವರ್ಷ ಯಾರಿಗೂ ಹೇಳದ್ದನ್ನು ಹೇಳಿದ. ಮೂರನೇ ಸಲ ಕೇಳಲು ಅವನು ನಿಮ್ಮ ಮನೆಗೆ ಬಂದಿದ್ದನಂತೆ, ಶಾಲು ಹೊದಿಸಿದ ಮರುವಾರ. ಅಂಗಳದಲ್ಲಿ ನಿಂತಿದ್ದನಂತೆ. ‘ನಿನಗ ಅದೆಲ್ಲ ಯಾಕಪ್ಪ, ಆಡಕ್ಕ ಸಿಕ್ಕದಲ್ಲ, ಸಾಕು’ ಎಂದಿರಂತೆ. ‘ಅವತ್ತ ತಿಳೀತಕ್ಕ. ನಮ್ಮಂಥವರಿಗೆ ಕೊಡೂದ ಬ್ಯಾರೆ, ಕಲಸೂದ ಬ್ಯಾರೆ’ ಅಂದ. ಅಷ್ಟಾದರೂ ಪೇಪರಿನ ತುಣುಕನ್ನು ಗೋಡೆಯಿಂದ ತೆಗೆದಿಲ್ಲ ಅವನು.

ನಮ್ಮ ಕೇರಿಯವರಿಗೆ ಅಂಗಳದಲ್ಲಿ ನಿಂತು ಅಂಥ ಮಾತು ಕೇಳಿ ರೂಢಿ ಇದೆ, ಅದರ ಅರ್ಥ ನಾವು ಯಾರನ್ನೂ ಕೇಳುವುದಿಲ್ಲ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಅದಲ್ಲ, ನಿಮ್ಮ ಗುಟ್ಟು ಎಂದು ಈಗ ನನಗೆ ಗೊತ್ತಾಗಿದೆ. ಅವನಿಗೆ ಗೊತ್ತಿಲ್ಲ. ಒಬ್ಬ ಹುಡುಗ ಕಲಿಯುವ ಆರು ವರ್ಷ ಅದರ ಕೆಳಗೆ ಸಿಕ್ಕಿಬಿತ್ತು ಸರ್.

ನಾನು ಒತ್ತಿದ ಗುಂಡಿಯ ತಪ್ಪನ್ನು ನಿಮ್ಮ ಮಗಳು ನಾಲ್ಕು ತಾಸಿನಲ್ಲಿ ಸರಿ ಮಾಡಿದರು. ನಿಮ್ಮದು ಉಳಿದಿದೆ. ಇದಕ್ಕಿಂತ ಮೆತ್ತಗೆ ಬರೆಯಲು ನನಗೆ ಬರಲಿಲ್ಲ.

ಸಮತಾ

*

ಶಿಗ್ಗಾಂವ
11 ಜನವರಿ 2026, ಭಾನುವಾರ

ಸಮತಾ,

ನಿನ್ನ ಕಾಗದವನ್ನು ಒಬ್ಬನೇ ಕೂತು ಓದಿದೆ. ಆಮೇಲೆ ಕೃಷ್ಣಾಬಾಯಿಯ ಕೈಗೆ ಕೊಟ್ಟೆ. ಓದಿ ಅವಳು ಅಳಲಿಲ್ಲ. ನನ್ನ ಮುಂದಿದ್ದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ವೇದಾಗೆ ಎರಡಲ್ಲ, ಏಳು ಕಾಗದ ಬರೆದೆ. ಏಳೂ ಮೇಜಿನ ಡ್ರಾಯರಿನಲ್ಲಿವೆ. ಒಂದನ್ನೂ ಹಾಕಲಿಲ್ಲ. ಪ್ರತಿ ಸಲ ಪ್ರೋಗ್ರಾಮಿನ ವಿಷಯ ಬರೆದು, ಕೊನೆಗೆ ಕ್ಷಮೆ ಕೇಳುವ ಸಾಲಿಗೆ ಬಂದಾಗ ಯಾವುದಕ್ಕೆ ಕ್ಷಮೆ ಎಂದು ಬರೆಯಬೇಕಾಗುತ್ತಿತ್ತು. ಅಲ್ಲಿ ಪೆನ್ನು ನಿಲ್ಲುತ್ತಿತ್ತು. ನಿನಗೆ ‘ಬರೆದಿದ್ದೇನೆ’ ಎಂದು ಬರೆಯುವಾಗ ಮಾತ್ರ ಸರಾಗವಾಗಿ ಓಡಿತು.

ಮದುವೆಗಾಗಿ ಮಗಳನ್ನು ಬಿಟ್ಟೆ ಎಂದು ಊರು ತಿಳಿದಿದೆ. ನಾನೂ ಹಾಗೆಯೇ ಹೇಳಿಕೊಂಡು ಬಂದೆ. ಇರ್ಫಾನನ ವಿಷಯ ಅವಳು ನನಗೆ ಹೇಳಿದ್ದು ಸನ್ಮಾನದ ಹಿಂದಿನ ವಾರ. ಸನ್ಮಾನದ ದಿನ ಅವಳು ಸಭೆಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಳು. ನನ್ನ ಕೈಯಲ್ಲಿ ಮೈಕು ಇತ್ತು. ಪ್ರೋಗ್ರಾಮ್ ಬರೆದವಳು ಎಂದು ಅವಳ ಹೆಸರನ್ನು ಸಿಟ್ಟಿನಲ್ಲಿ ಹೇಳಲಿಲ್ಲ. ಚಪ್ಪಾಳೆ ಬಿತ್ತು, ಶಾಲು ಬಿತ್ತು. ಅವಳು ಎದ್ದು ಹೋಗಲಿಲ್ಲ, ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಸಿಟ್ಟು ವರ್ಷದೊಳಗೆ ಹೋಯಿತು. ಹೇಳದ ಹೆಸರು ಹಾಗೇ ಉಳಿಯಿತು, ಅದನ್ನು ಮುಚ್ಚಲು ಮದುವೆಯ ಸಿಟ್ಟನ್ನು ನಾನೇ ಉಳಿಸಿಕೊಂಡೆ.

ಲೋಹಿತನಿಗೆ ಹಾಗೆ ಅಂದಾಗ ನನ್ನ ಮನಸ್ಸಿನಲ್ಲಿ ಜಾತಿ ಇರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ಅವನು ಅಂಗಳದಲ್ಲಿ ನಿಂತಿದ್ದ, ನಾನು ಒಳಗೆ ಬಾ ಅನ್ನಲಿಲ್ಲ. ಬೇರೆ ವಿದ್ಯಾರ್ಥಿಗಳಿಗೆ ಅನ್ನುತ್ತಿದ್ದೆ. ಆದ್ದರಿಂದ ಹಾಗೆ ಬರೆಯುವ ಹಕ್ಕು ನನಗಿಲ್ಲ.

ಮೊನ್ನೆ ಶುಕ್ರವಾರ ನಾವಿಬ್ಬರೂ ಸವಣೂರಿಗೆ ಹೋದೆವು. ಒಂದು ತಾಸಿನ ದಾರಿಯೂ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೃಷ್ಣಾಬಾಯಿ ಯಾರನ್ನೂ ಕೇಳದೆ, ಮೂರು ಓಣಿ ತಿರುಗಿ, ನೆಟ್ಟಗೆ ಅವರ ಬಾಗಿಲಿಗೆ ಹೋಗಿ ನಿಂತಳು. ಎಷ್ಟು ವರ್ಷದಿಂದ ಬರುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ.

ವೇದಾ ಬಾಗಿಲು ತೆಗೆದಳು. ಸೊರಗಿದ್ದಾಳೆ, ಕನ್ನಡಕ ಬಂದಿದೆ. ‘ನಾ ಬಂದೇನಿ’ ಅಂದೆ. ಅವಳ ತುಟಿ ಅಲ್ಲಾಡಿತು. ನನಗೆ ಕೇಳಿಸಲಿಲ್ಲ. ಜನರ ಜೊತೆ ಮಾತಿಗೆಂದು ನಾನು ಜೇಬಿನಲ್ಲಿ ಇಟ್ಟುಕೊಳ್ಳುವ ನೋಟುಬುಕ್ಕನ್ನು ಅವಳ ಮುಂದೆ ಹಿಡಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ನಾನು ಕೇಳಿಸಿಕೊಳ್ಳಲಾರದವನಾದದ್ದು ಅವಳು ಹೋದ ಮೇಲೆ. ತಾಯಿ ಹೇಳಿದ್ದಿರಬಹುದು, ಕಣ್ಣಾರೆ ಕಂಡಿರಲಿಲ್ಲ. ಆಮೇಲೆ ಬರೆದಳು:

‘ಮಣೆಯ ಪ್ರೋಗ್ರಾಮ್ ಯಾರು ಬರದದ್ದು ಅಂತ ಮೊದಲು ಲೋಹಿತಗ ನೀವೇ ಹೇಳಿ ಬರ್ರಿ. ಆಮ್ಯಾಲ ಊಟಕ್ಕ ಬರ್ರಿ.’

ಕೃಷ್ಣಾಬಾಯಿ ಒಳಗೆ ಹೋಗಿ ಊಟ ಮಾಡಿದಳು. ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಇರ್ಫಾನ ನೀರು ತಂದುಕೊಟ್ಟು, ನಾನು ಕುಡಿಯುವ ತನಕ ಪಕ್ಕದಲ್ಲೇ ನಿಂತಿದ್ದ.

ಹತ್ತೊಂಬತ್ತನೇ ತಾರೀಖು, ಸೋಮವಾರ, ಮುಂಜಾನೆಯ ಬಸ್ಸಿಗೆ ಅಕ್ಕಿಆಲೂರಿಗೆ ಬರುತ್ತೇನೆ. ಅವನಿಗೆ ಮೊದಲೇ ಏನೂ ಹೇಳಬೇಡ. ನನ್ನ ಪರವಾಗಿ ಒಂದು ಮಾತೂ ಆಡಬೇಡ. ಹೇಳುವುದನ್ನು ನಾನೇ ಹೇಳುತ್ತೇನೆ. ಕಲಿಸಲು ವೇದಾ ಒಪ್ಪಿದ್ದಾಳೆ ಎಂದು ಕೃಷ್ಣಾಬಾಯಿ ಹೇಳುತ್ತಾಳೆ, ಆದರೆ ಅದು ಅವಳು ಅವನಿಗೆ ಕೊಡುವ ಮಾತು, ನಾನು ತರುವ ಉಡುಗೊರೆಯಲ್ಲ.

ನಿನ್ನಿಂದ ಒಂದು ಉಪಕಾರ ಬೇಕು. ನಾನು ಹೇಳಿ ಮುಗಿಸಿದ ಮೇಲೆ ಅವನು ಏನೋ ಅನ್ನುತ್ತಾನೆ. ಅವನ ಮುಖ ನನಗೆ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅವನು ಅಂದದ್ದನ್ನು ಅಂದ ಹಾಗೆಯೇ ನೋಟುಬುಕ್ಕಿನಲ್ಲಿ ಬರೆದು ನನ್ನ ಕೈಗೆ ಕೊಡು. ಬೈದರೆ ಬೈದದ್ದನ್ನೇ ಬರೆ. ಒಂದು ಅಕ್ಷರವನ್ನೂ ನನಗಾಗಿ ಮೆತ್ತಗೆ ಮಾಡಬೇಡ.

ರಘುವೀರ